ಬೈಕಿಗಷ್ಟೇ ವಿದೇಶ

ನೇಪಾಳಕ್ಕೆ ಹೋಗುವ ಭಾರತೀಯನಿಗೆ ವೀಸಾ ಬೇಡ. ರಸ್ತೆಯಲ್ಲಿ ಹೋದರೆ ಪಾಸ್‌ಪೋರ್ಟ್ ಕೂಡ ಬೇಕಾಗುವುದಿಲ್ಲ. ಮತದಾರರ ಗುರುತಿನ ಚೀಟಿ ಕಿಸೆಯಲ್ಲಿದ್ದರೆ ಸಾಕು. ಒಳಗೆ ಹೋದ ಮೇಲೆ ಎಷ್ಟು ದಿನ ಇರುತ್ತೀಯ ಎಂದು ಕೇಳುವವರಿಲ್ಲ. ಆದರೆ ಅವನು ಓಡಿಸಿಕೊಂಡು ಬಂದ ಬೈಕಿಗೆ ಆ ಸಲಿಗೆ ಇಲ್ಲ. ಗಡಿ ದಾಟಿದ ಕೂಡಲೇ ಸುಂಕದ ಕಟ್ಟೆಯಲ್ಲಿ ಅದಕ್ಕೊಂದು ಚೀಟಿ ಮಾಡಿಸಬೇಕು. ಅದಕ್ಕೆ ಭನ್ಸಾರ್ ಎನ್ನುತ್ತಾರೆ. ಎಷ್ಟು ದಿನ ಎಂದು ಮೊದಲೇ ಹೇಳಿ, ದಿನದ ಲೆಕ್ಕದಲ್ಲಿ ದುಡ್ಡು ಕಟ್ಟಿ, ಅಷ್ಟರೊಳಗೆ ಬೈಕನ್ನು ಹೊರಗೆ ತರಬೇಕು. ವರ್ಷಕ್ಕೆ ಎಲ್ಲಾ ಸೇರಿ ಮೂವತ್ತು ದಿನ ಮೀರುವಂತಿಲ್ಲ. 2020ರ ಮಾರ್ಚ್ 14ರಂದು ನಾನು ಹದಿನೈದು ದಿನಕ್ಕೆ ಬರೆಸಿದೆ. ಬೈಕು ಹೊರಗೆ ಬಂದದ್ದು ತೊಂಬತ್ತೊಂಬತ್ತನೆಯ ದಿನ.

ನಾನು ತಿಪಟೂರಿನವನು, ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದೇನೆ. ವರ್ಷಕ್ಕೊಮ್ಮೆ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ 350 ಸಿಸಿಯ ಬುಲೆಟ್ ಹತ್ತಿ ಎಲ್ಲಿಗಾದರೂ ಹೋಗಿ ಬರುವುದು ರೂಢಿ. ಆ ವರ್ಷ ಮುಕ್ತಿನಾಥ ಎಂದುಕೊಂಡಿದ್ದೆ. ಅಮ್ಮ, "ಅಷ್ಟು ದೂರ ಹೋಗುತ್ತೀಯಲ್ಲ, ಗಂಡಕಿಯಿಂದ ಒಂದು ಸಾಲಿಗ್ರಾಮ ತಾ" ಎಂದಿದ್ದರು. ಹೈದರಾಬಾದ್, ನಾಗಪುರ, ಜಬಲ್ಪುರ, ಪ್ರಯಾಗ, ಗೋರಖಪುರ ದಾಟಿ ಸುನೌಲಿ ಗಡಿ ಎರಡು ಸಾವಿರ ಕಿಲೋಮೀಟರಿಗೂ ಮೇಲಾಗುತ್ತದೆ.

ರೋಗದ ಸುದ್ದಿ ಇರಲಿಲ್ಲವೇ ಎಂದು ಆಮೇಲೆ ಎಲ್ಲರೂ ಕೇಳಿದರು. ಇತ್ತು. ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯದೇ ಎಂದು ಹನ್ನೆರಡನೆಯ ತಾರೀಖು ರಾತ್ರಿ ಢಾಬಾ ಒಂದರ ಟಿವಿಯಲ್ಲಿ ನೋಡಿದೆ. ಹೆಂಡತಿ ಫೋನಿನಲ್ಲಿ, "ಮಾಲು, ಸಿನಿಮಾ ಎಲ್ಲ ಮುಚ್ಚುತ್ತಾರಂತೆ, ನೀವು ವಾಪಸ್ ಬನ್ನಿ" ಎಂದಳು. ಒಂದು ವಾರದ ಮಾತು ಎಂದು ನಾನೇ ಅವಳಿಗೆ ಸಮಾಧಾನ ಹೇಳಿದೆ. ಗಡಿಗೆ ಇನ್ನೂರು ಮುನ್ನೂರು ಕಿಲೋಮೀಟರ್ ಉಳಿದಿರುವಾಗ ಬೈಕ್ ತಿರುಗಿಸುವ ಬುದ್ಧಿ ಯಾರಿಗಿರುತ್ತದೆ? ಇರಬೇಕಿತ್ತು. ನನಗಿರಲಿಲ್ಲ.

ಸುನೌಲಿಯ ಆಚೆ ಬದಿಯ ಊರು ಬೆಲಹಿಯಾ. ಅವತ್ತು ಅಲ್ಲಿ ಒಬ್ಬ ಬಿಳಿಯ ಸವಾರನನ್ನು ನೋಡಿದೆ. ಎರಡೂ ಬದಿಗೆ ಅಲ್ಯೂಮಿನಿಯಂ ಪೆಟ್ಟಿಗೆ ಕಟ್ಟಿದ, ಮೈಯೆಲ್ಲ ಧೂಳು ಮೆತ್ತಿದ ದೊಡ್ಡ ಬೈಕು. ಕೈಯಲ್ಲಿ ಕಾರ್ನೆಟ್ ಪುಸ್ತಕ. ವಾಹನಕ್ಕೆ ಪಾಸ್‌ಪೋರ್ಟ್ ಇದ್ದಂತೆ ಅದು. ಊರಿನಲ್ಲಿ ದೊಡ್ಡ ಮೊತ್ತ ಠೇವಣಿ ಇಟ್ಟು ಪಡೆಯಬೇಕು, ಒಂದೊಂದು ದೇಶಕ್ಕೂ ಒಂದೊಂದು ಹಾಳೆ, ಒಳಹೋಗುವಾಗ ಒಂದು ತುಂಡು, ಹೊರಬರುವಾಗ ಒಂದು ತುಂಡು ಹರಿದುಕೊಳ್ಳುತ್ತಾರೆ. ಅವನ ಕಾಗದಗಳೆಲ್ಲ ಸರಿಯಾಗಿಯೇ ಇದ್ದವು. ಆದರೆ ವಿದೇಶಿಯರಿಗೆ ಬಂದಲ್ಲೇ ಕೊಡುವ ವೀಸಾವನ್ನು ನೇಪಾಳ ನಿಲ್ಲಿಸಿದ್ದು ಅವತ್ತಿನಿಂದಲೇ. ಭಾರತವೂ ಹಿಂದಿನ ದಿನವಷ್ಟೇ ವಿದೇಶಿಯರ ವೀಸಾ ತಡೆಹಿಡಿದಿತ್ತು. ಭಾರತದಿಂದ ಹೊರಟ ಮುದ್ರೆ ಒತ್ತಿಸಿಕೊಂಡು ಬಂದವನು ಮುಂದೆಯೂ ಹೋಗಲಾರ, ಹಿಂದೆ ಹೋಗುವುದೂ ಅನುಮಾನ. ಎರಡು ಕಮಾನುಗಳ ನಡುವೆ ಬೈಕಿಗೆ ಸ್ಟ್ಯಾಂಡ್ ಹಾಕಿ ನೆಲದ ಮೇಲೆ ಕುಳಿತಿದ್ದ. ನನ್ನ ಹಣೆಗೆ ಜ್ವರ ನೋಡುವ ಪಿಸ್ತೂಲು ಹಿಡಿದು, ಹೋಗು ಎಂದರು. ಅವನನ್ನು ದಾಟುವಾಗ ನನಗೆ ಒಳಗೊಳಗೇ ಒಂದು ಬಗೆಯ ಹೆಮ್ಮೆ ಆಯಿತು. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಭನ್ಸಾರ್ ಚೀಟಿಯ ಮೇಲೆ ಗುಮಾಸ್ತ ಬರೆದ ದಿನಾಂಕ ನೋಡಿ ನಗು ಬಂತು: ಚೈತ್ರ 1, 2076. ಅಲ್ಲಿ ಕಚೇರಿ, ಬ್ಯಾಂಕು, ಶಾಲೆ ಎಲ್ಲವೂ ನಡೆಯುವುದು ವಿಕ್ರಮ ಶಕೆಯ ಲೆಕ್ಕದಲ್ಲಿ. ನನ್ನ ಬೈಕು ಐವತ್ತಾರು ವರ್ಷ ಮುಂದಕ್ಕೆ ಹೋಗಿತ್ತು. ಚೈತ್ರ 15ರೊಳಗೆ ಹೊರಗೆ ಬರತಕ್ಕದ್ದು.

ಪ್ರವಾಸದ ಭಾಗವನ್ನು ಬೇಗ ಹೇಳಿ ಮುಗಿಸುತ್ತೇನೆ. ಮುಕ್ತಿನಾಥದ ದಾರಿಯ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ಆಗ ಪೋಖರಾದಿಂದ ಬೇನಿಯವರೆಗೆ ರಸ್ತೆ ಎನ್ನಬಹುದಿತ್ತು. ಅಲ್ಲಿಂದ ಮೇಲೆ ಕಾಳಿಗಂಡಕಿಯ ಪಕ್ಕದಲ್ಲಿ ಕೆಸರು, ಉರುಟುಗಲ್ಲು, ರಸ್ತೆ ಅಗಲ ಮಾಡುವ ಜೆಸಿಬಿ. ಜೋಮ್‌ಸೋಮ್ ಹತ್ತಿರ ಬೆಳಿಗ್ಗೆ ಹತ್ತು ಹನ್ನೊಂದಾಯಿತೆಂದರೆ ಕಣಿವೆಯ ಕೆಳಗಿನಿಂದ ಗಾಳಿ ಎದ್ದು ಬೈಕನ್ನು ಪಕ್ಕಕ್ಕೆ ತಳ್ಳುತ್ತದೆ. ಮುಕ್ತಿನಾಥ ಇರುವುದು 3,700 ಮೀಟರ್ ಎತ್ತರದಲ್ಲಿ. ನೂರೆಂಟು ನಲ್ಲಿಗಳ ಕೆಳಗೆ ಓಡುತ್ತಾ ಸ್ನಾನ ಮಾಡಬೇಕು. ಹತ್ತನೆಯದಕ್ಕೆ ತಲೆ ಮರಗಟ್ಟಿತು, ಉಳಿದ ತೊಂಬತ್ತೆಂಟರ ನೆನಪಿಲ್ಲ. ಕಾಗ್‌ಬೇನಿಯ ನದಿಪಾತ್ರದಲ್ಲಿ ಅಮ್ಮನಿಗೆ ಕಪ್ಪು ಕಲ್ಲೊಂದು ಸಿಕ್ಕಿತು.

ನಾನು ಮಾಡಿದ ತಪ್ಪು ಇಳಿಯುವಾಗಿನದು. ಮಾರ್ಚ್ 22, ನಮ್ಮಲ್ಲಿ ಜನತಾ ಕರ್ಫ್ಯೂ. ಅಂದು ಮಧ್ಯಾಹ್ನ ತಾತೋಪಾನಿಗೆ ಬಂದೆ. ಹೆಸರೇ ಹೇಳುವಂತೆ ಬಿಸಿನೀರಿನ ಊರು. ಮೈಕೈ ನೋವು ಎಂದು ಕೊಳಕ್ಕೆ ಇಳಿದವನು ಮೂರು ಗಂಟೆ ಏಳಲಿಲ್ಲ. ಕತ್ತಲಾಯಿತು, ಅಲ್ಲೇ ಉಳಿದೆ. ಆ ರಾತ್ರಿ ನೇಪಾಳ ಗಡಿ ಮುಚ್ಚುವ ತೀರ್ಮಾನ ಹೊರಬಿತ್ತು. ಮರುದಿನ ನಾನು ಪೋಖರಾಕ್ಕೆ ಬಂದಾಗ ಗಡಿ ಮುಚ್ಚಿತ್ತು. ಇಪ್ಪತ್ತನಾಲ್ಕರಂದು ಬೆಳಗಿನ ಜಾವ, ಆದದ್ದಾಗಲಿ ಎಂದು ಬೈಕ್ ಹೊರಡಿಸಿದೆ. ಪೃಥ್ವಿ ಚೌಕದಲ್ಲಿ ಪೊಲೀಸರು ಲಾಠಿ ಅಡ್ಡ ಹಿಡಿದರು. ಆರು ಗಂಟೆಯಿಂದ ಇಡೀ ದೇಶ ಬಂದ್. ಅವತ್ತಿಗೆ ನೇಪಾಳದಲ್ಲಿ ಪತ್ತೆಯಾಗಿದ್ದ ಸೋಂಕಿತರು ಇಬ್ಬರೇ ಇಬ್ಬರು. ಪೊಲೀಸಿನವನು ನನ್ನ ನಂಬರ್ ಪ್ಲೇಟ್ ನೋಡಿ, "ಕೆಎ ಅಂದರೆ ಎಲ್ಲಿ?" ಎಂದ. ಹೇಳಿದೆ. "ಅಷ್ಟು ದೂರವೇ? ಹಾಗಾದರೆ ಅವಸರ ಮಾಡಿ ಏನು ಪ್ರಯೋಜನ" ಎಂದ.

ನಾನು ಉಳಿದದ್ದು ಪೋಖರಾದ ಕೆರೆದಂಡೆಯ ಬಡಾವಣೆ ಲೇಕ್‌ಸೈಡ್‌ನ ಹಿಂಬದಿ ಓಣಿಯ ಒಂದು ಮನೆಯಲ್ಲಿ. ಯಜಮಾನರು ಗುರುಂಗ್ ಸಮುದಾಯದವರು, ಭಾರತೀಯ ಸೇನೆಯ ಗೂರ್ಖಾ ರೆಜಿಮೆಂಟಿನಿಂದ ಸುಬೇದಾರರಾಗಿ ನಿವೃತ್ತರಾದವರು. ಅವರು ನನಗೆ ದಾಯಿ, ಅಂದರೆ ಅಣ್ಣ. ಅವರ ಹೆಂಡತಿ ಭಾವುಜು. ನಾನು ಅವರಿಗೆ ಭಾಯಿ. ಮೊದಲ ವಾರ ಕೋಣೆಗೆ ಬಾಡಿಗೆ ತೆಗೆದುಕೊಂಡರು. ಎರಡನೆಯ ವಾರ, "ಊಟದ್ದು ಕೊಡು, ಸಾಕು" ಎಂದರು. ಕೊಡುವುದೂ ಸುಲಭವಿರಲಿಲ್ಲ. ನೂರಕ್ಕಿಂತ ದೊಡ್ಡ ಭಾರತೀಯ ನೋಟು ಅಲ್ಲಿ 2018ರ ಕೊನೆಯಿಂದಲೇ ಚಲಾವಣೆಯಲ್ಲಿರಲಿಲ್ಲ. ನಾನು ಒಯ್ದಿದ್ದ ನೂರರ ಕಟ್ಟುಗಳು ಏಪ್ರಿಲ್‌ನಲ್ಲಿ ಕರಗಿದವು. ಐನೂರರ ನೋಟುಗಳು ಸೊಂಟದ ಚೀಲದಲ್ಲಿ ಬರೀ ಕಾಗದವಾಗಿ ಕುಳಿತಿದ್ದವು.

ಊಟದ ಮಾತು ಬಂತಲ್ಲ, ಒಂದು ಸಂಗತಿ ಹೇಳಲೇಬೇಕು. ದಿನಕ್ಕೆ ಎರಡು ಹೊತ್ತು ಅನ್ನ, ಬೇಳೆ, ಸೊಪ್ಪು. ಹತ್ತನೆಯ ದಿನವೋ ಏನೋ, ಅಕ್ಕಿ ಉಳಿಸೋಣವೆಂದು ಭಾವುಜು ಕಬ್ಬಿಣದ ಬಾಣಲೆಯಲ್ಲಿ ನೀರು ಕುದಿಸಿ ಕಂದು ಹಿಟ್ಟು ಸುರಿದು ಮರದ ಕೋಲಿನಿಂದ ತಿರುವತೊಡಗಿದರು. ನಾನು ಮಹಡಿಯ ಮೆಟ್ಟಿಲ ಮೇಲಿದ್ದೆ. ವಾಸನೆ ಬಂತು. ಇಳಿದು ಹೋಗಿ ಹಿಟ್ಟನ್ನು ಬೆರಳಿಗೆ ಹಚ್ಚಿಕೊಂಡು ನೋಡಿದೆ: ರಾಗಿ! ಅವರು ಕೋದೋ ಎನ್ನುತ್ತಾರೆ, ಮುದ್ದೆಗೆ ಢಿಂಡೋ ಎನ್ನುತ್ತಾರೆ. ಅಗಿಯದೆ ನುಂಗುವುದೂ ನಮ್ಮಂತೆಯೇ. ಒಂದೇ ವ್ಯತ್ಯಾಸ, ಅವರು ಅದನ್ನು ಕಟ್ಟುವುದಿಲ್ಲ, ತಟ್ಟೆಗೆ ಗುಡ್ಡೆ ಹಾಕುತ್ತಾರೆ. ನಾನು ಅಂಗೈಗೆ ನೀರು ಸವರಿಕೊಂಡು ತಟ್ಟೆಯಲ್ಲಿ ಉರುಳಿಸಿ ಉಂಡೆ ಮಾಡಿ ತೋರಿಸಿದೆ. ಮನೆಯ ಮೊಮ್ಮಕ್ಕಳು ಅದನ್ನು ಚೆಂಡು ಎಂದು ಕರೆದರು. ಆಮೇಲೆ ವಾರಕ್ಕೆರಡು ದಿನ ಮುದ್ದೆ ಕಟ್ಟುವ ಕೆಲಸ ನನ್ನದಾಯಿತು. ಗುಂಡ್ರುಕ್ ಎಂಬ ಹುಳಿಹಿಡಿಸಿ ಒಣಗಿಸಿದ ಸೊಪ್ಪಿನ ಸಾರು ಜೊತೆಗೆ. ಬಸ್ಸಾರಿಗೆ ಸಮವಲ್ಲ, ಆದರೆ ದೂರುವಂಥದ್ದೂ ಅಲ್ಲ.

ಚೈತ್ರ 15 ಬಂತು, ಹೋಯಿತು. ಬೇರೆಯವರಿಗೆ ಅದು ಒಂದು ದಿನ. ನನಗೆ ಅವತ್ತಿನಿಂದ ಬೈಕು ಅಕ್ರಮ ವಾಸಿ. ಸುಂಕದ ಕಟ್ಟೆಗೆ ಫೋನ್ ಮಾಡಿದರೆ ಯಾರೂ ಎತ್ತುತ್ತಿರಲಿಲ್ಲ. ಏಪ್ರಿಲ್ 13ಕ್ಕೆ ಅವರ ಹೊಸ ವರ್ಷ, 2077. ಅದೇ ಹೊತ್ತಿಗೆ ನನ್ನ ಮೂವತ್ತು ದಿನಗಳೂ ಮುಗಿದವು. ನಾಲ್ಕು ದಿನಕ್ಕೊಮ್ಮೆ ಕೊಟ್ಟಿಗೆಗೆ ಹೋಗಿ ಕಿಕ್ಕರ್ ಹೊಡೆದು ಹತ್ತು ನಿಮಿಷ ಎಂಜಿನ್ ಓಡಿಸುತ್ತಿದ್ದೆ, ಬ್ಯಾಟರಿ ಸಾಯಬಾರದೆಂದು. ಏಪ್ರಿಲ್, ಮೇನಲ್ಲಿ ಪೋಖರಾದಲ್ಲಿ ಸಂಜೆಯ ಹೊತ್ತು ಆಲಿಕಲ್ಲು ಮಳೆ; ತಗಡಿನ ಸೂರಿನ ಕೆಳಗೆ ಚೈನು ತುಕ್ಕು ಹಿಡಿಯಿತು. ಎಣ್ಣೆ ಸಿಗುವ ಅಂಗಡಿಗಳು ಮುಚ್ಚಿದ್ದವು. ಭಾವುಜು ಅಡುಗೆಮನೆಯಿಂದ ಸಾಸಿವೆ ಎಣ್ಣೆ ಕೊಟ್ಟರು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದೇ ಕೊಂಡಿಗೆ ಹಚ್ಚಿದೆ. ಎಂಜಿನ್ ಬಿಸಿಯಾದಾಗಲೆಲ್ಲ ಕೊಟ್ಟಿಗೆಯಿಂದ ಉಪ್ಪಿನಕಾಯಿಯ ಘಾಟು. ಮೆಕ್ಯಾನಿಕ್‌ಗಳು ಬೈದುಕೊಳ್ಳಬಹುದು, ಊರು ಸೇರುವವರೆಗೆ ಆ ಚೈನು ಕೈಕೊಡಲಿಲ್ಲ.

ಮೇ ತಿಂಗಳಲ್ಲಿ ಗಾಳಿ ಬದಲಾಯಿತು. ಭಾರತದಿಂದ ಬರುತ್ತಿರುವ ವೈರಸ್ಸು ಚೀನಾ, ಇಟಲಿಯದಕ್ಕಿಂತ ಘಾತಕವೆಂಬಂತೆ ಕಾಣುತ್ತಿದೆ ಎಂದು ಅಲ್ಲಿನ ಪ್ರಧಾನಿ ಓಲಿಯವರು ಸಂಸತ್ತಿನಲ್ಲೇ ಹೇಳಿದರು. ಮರುದಿನ, ಮೇ 20ಕ್ಕೆ, ಭಾರತ ತನ್ನದೆನ್ನುವ ಕಾಲಾಪಾನಿ, ಲಿಪುಲೇಖ್, ಲಿಂಪಿಯಾಧುರಾಗಳನ್ನು ಸೇರಿಸಿದ ನೇಪಾಳದ ಹೊಸ ನಕಾಶೆ ಹೊರಬಂತು. ಓಣಿಯ ಹುಡುಗರು ಬೈಕಿನ ಮುಂದೆ ನಿಂತು ಪ್ಲೇಟ್ ಓದುವುದನ್ನು ಒಂದೆರಡು ಸಲ ಕಂಡೆ. ಯಾರೂ ಏನೂ ಅನ್ನಲಿಲ್ಲ. ದಾಯಿ ಮಾತ್ರ ಒಂದು ಬೆಳಿಗ್ಗೆ ಆಲೂಗಡ್ಡೆಯ ಗೋಣಿಚೀಲ ತಂದು ನಂಬರ್ ಪ್ಲೇಟಿನ ಮೇಲೆ ಕಟ್ಟಿದರು. "ದೂಳು ಕೂರುತ್ತದೆ" ಎಂದರು. ಬೈಕಿನ ಉಳಿದ ಭಾಗಕ್ಕೆ ದೂಳು ಕೂರುವುದಿಲ್ಲವೇ ಎಂದು ನಾನು ಕೇಳಲಿಲ್ಲ.

ಊರಿಗೆ ಮರಳುವವರ ಪಟ್ಟಿಗೆ ದೂತಾವಾಸದಲ್ಲಿ ಹೆಸರು ಬರೆಸಿದ್ದೆ. ಗಡಿಯವರೆಗೆ ಬಸ್ಸಿನಲ್ಲಿ ಹೋಗಬಹುದು, ಬೈಕ್ ಬಿಟ್ಟು ಬನ್ನಿ ಎಂಬ ಸಲಹೆ ಬಂತು. ತಮ್ಮ ಫೋನಿನಲ್ಲಿ ರೇಗಿದ: "ಅಣ್ಣಾ, ಅದನ್ನು ಅಲ್ಲೇ ಮಾರಿ ಬಾ. ಒಂದು ಹಳೇ ಗಾಡಿಗೋಸ್ಕರ ಅಲ್ಲಿ ಕೂರುತ್ತೀಯಾ?" ಮಾರಲು ಬರುವುದಿಲ್ಲ ಎಂದು ಅವನಿಗೆ ತಿಳಿಹೇಳಲು ಅರ್ಧ ಗಂಟೆ ಹಿಡಿಯಿತು. ಭನ್ಸಾರ್ ಮಾಡಿಸಿ ಒಳಗೆ ತಂದ ಗಾಡಿಯನ್ನು ಹೊರಗೆ ತರಲೇಬೇಕು. ಬಿಟ್ಟು ಬಂದರೆ ಕಳ್ಳಸಾಗಣೆ ಮಾಡಿದ ಲೆಕ್ಕ. ಮುಂದೆ ಯಾವತ್ತಾದರೂ ಅತ್ತ ಹೋದರೆ ಪುಸ್ತಕದಲ್ಲಿ ನನ್ನ ಹೆಸರು ಕಾದಿರುತ್ತದೆ. ಇದು ಕಾನೂನಿನ ಮಾತು. ನಿಜ ಹೇಳಬೇಕೆಂದರೆ, ಕಾನೂನು ಹಾಗಿರದಿದ್ದರೂ ನಾನು ಬಿಟ್ಟು ಬರುತ್ತಿರಲಿಲ್ಲ.

ದಾರಿ ತೋರಿಸಿದವರು ದಾಯಿಯೇ. "ವಾರ್ಡ್ ಕಚೇರಿಯಿಂದ ಸಿಫಾರಿಸ್ ತೆಗೆದುಕೊ" ಎಂದರು. ನನಗೆ ಮುಜುಗರವಾಯಿತು. ನಮ್ಮಲ್ಲಿ ಶಿಫಾರಸು ಎಂದರೆ ಯಾರದೋ ಕೈ ಹಿಡಿದು ಕೆಲಸ ಮಾಡಿಸಿಕೊಳ್ಳುವುದು. ಅಲ್ಲಿ ಅದು ಗೌರವದ ಪದ: ಇಂಥವನು ಇಂಥಲ್ಲಿ ಇದ್ದದ್ದು ನಿಜ ಎಂದು ವಾರ್ಡಿನವರು ಬರೆದುಕೊಡುವ ಪತ್ರ. ನೇಪಾಳದಲ್ಲಿ ಅದಿಲ್ಲದೆ ಯಾವ ಕೆಲಸವೂ ಮುಂದೆ ಹೋಗುವುದಿಲ್ಲ. ವಾರ್ಡಿನ ಗುಮಾಸ್ತ ಕೊಟ್ಟಿಗೆಗೇ ಬಂದ. ಗೋಣಿಚೀಲ ಬಿಚ್ಚಿಸಿದ. ಚಾಸಿ ನಂಬರಿನ ಮೇಲೆ ತೆಳ್ಳಗಿನ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದ, ಥೇಟ್ ನಮ್ಮ ಆರ್‌ಟಿಓ ಏಜೆಂಟರ ಹಾಗೆ. ನನ್ನ ಗುರುತಿನ ಚೀಟಿಯನ್ನು ಒಮ್ಮೆ ತಿರುಗಿಸಿ ನೋಡಿ ಹಿಂದಕ್ಕೆ ಕೊಟ್ಟ. ಪತ್ರದ ತುಂಬ ಬೈಕಿನದೇ ವಿವರ. ಕೊನೆಯ ಸಾಲಿನಲ್ಲಿ ಸವಾರನೂ ಇಲ್ಲಿಯೇ ಇದ್ದನು ಎಂದಿತ್ತು. ಇದನ್ನು ಹಿಡಿದು ಪೋಖರಾ ಇರುವ ಕಾಸ್ಕಿಯ ಜಿಲ್ಲಾ ಆಡಳಿತ ಕಚೇರಿಯಲ್ಲಿ ಸಂಚಾರದ ಪಾಸಿಗೆ ಅರ್ಜಿ. ಜೂನ್ ಮಧ್ಯದ ಹೊತ್ತಿಗೆ ಲಾಕ್‌ಡೌನ್ ಸಡಿಲವಾಗಿ ಖಾಸಗಿ ಗಾಡಿಗಳಿಗೆ ಬೆಸ, ಸಮದ ನಿಯಮ ಬಂದಿತ್ತು. ನನ್ನದು ಸಮ ಸಂಖ್ಯೆ. ನಮ್ಮ ಕ್ಯಾಲೆಂಡರ್ ನೋಡಿ ಹೊರಟರೆ ಕೆಟ್ಟೆ. ಸಮವಾಗಬೇಕಾದ್ದು ಅವರ ತಾರೀಖು. ಆಷಾಢ 6 ಎಂದು ಗೊತ್ತಾಯಿತು. ನಮ್ಮ ಲೆಕ್ಕಕ್ಕೆ ಜೂನ್ 20.

ಹೊರಡುವ ಬೆಳಿಗ್ಗೆ ದಾಯಿ ಗೋಣಿಚೀಲ ಬಿಚ್ಚಿ, ಮಡಿಸಿ, ನನ್ನ ಲಗೇಜಿನ ಮೇಲೆ ಕಟ್ಟಿದರು. "ಸುನೌಲಿ ದಾಟಿದ ಮೇಲೆ ಬಿಸಾಡು" ಎಂದರು. ಭಾವುಜು ಎರಡು ಕಿಲೋ ಕೋದೋ ಹಿಟ್ಟು ಕಟ್ಟಿಕೊಟ್ಟರು. ತಿಪಟೂರಿಗೆ ರಾಗಿ ಹಿಟ್ಟು! ಬೇಡವೆನ್ನಲು ಬಾಯಿ ಬರಲಿಲ್ಲ.

ಸಿದ್ಧಾರ್ಥ ಹೆದ್ದಾರಿಯಲ್ಲಿ ಮಳೆ. ತಾನ್ಸೇನ್ ಇಳಿದು ಬುಟ್ವಲ್‌ಗೆ ಬರುವ ಮುನ್ನ ಸಿದ್ಧಬಾಬಾ ಎಂಬಲ್ಲಿ ಗುಡ್ಡದಿಂದ ಕಲ್ಲು ಬೀಳುತ್ತಲೇ ಇರುತ್ತವೆ. ಆಕಾಶ ನೋಡುತ್ತಾ ಓಡಿಸಬೇಕೋ ರಸ್ತೆ ನೋಡುತ್ತಲೋ ತಿಳಿಯದೆ ಆ ತುಂಡನ್ನು ಉಸಿರು ಬಿಗಿಹಿಡಿದು ದಾಟಿದೆ. ಆರೇಳು ಕಡೆ ಪಾಸ್ ತೋರಿಸಿದ್ದಾಯಿತು.

ಬೆಲಹಿಯಾದಲ್ಲಿ ನಾನೊಬ್ಬ ಹೊರಗೆ ಹೋಗುವವನು, ಎದುರಿನಿಂದ ಸಾಲುಗಟ್ಟಿ ಬರುವವರು ಲೆಕ್ಕವಿಲ್ಲದಷ್ಟು. ಭಾರತದ ಊರೂರುಗಳಲ್ಲಿ ಕೆಲಸ ಕಳೆದುಕೊಂಡು ಮರಳುತ್ತಿದ್ದ ನೇಪಾಳಿಗಳು. ತಲೆಯ ಮೇಲೆ ಹಾಸಿಗೆ ಸುರುಳಿ, ಕೈಯಲ್ಲಿ ಮಡಚುವ ಫ್ಯಾನು, ಒಬ್ಬನ ಬಳಿ ಗ್ಯಾಸ್ ಒಲೆ. ಸಾಲಿನಿಂದ ಒಂದು ದನಿ ಬಂತು: "ಸಾರ್, ಕೆಎ 44 ಎಂದರೆ ತಿಪಟೂರಲ್ಲವೇ?" ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ. ತುಮಕೂರು ರಸ್ತೆಯ ಒಂದು ದರ್ಶಿನಿಯಲ್ಲಿ ನಾಲ್ಕು ವರ್ಷ ದೋಸೆ ಹುಯ್ದವನು. ಮಾತನಾಡಿದ್ದು ಎರಡು ನಿಮಿಷ. ಎರಡು ತಿಂಗಳ ಸಂಬಳ ಬಾಕಿಯಿದೆ, ಆ ಕಡೆ ಹೋದಾಗ ಮಾಲೀಕರನ್ನು ಕೇಳುತ್ತೀರಾ ಎಂದ. ಸಿಗ್ನಲ್ ಪಕ್ಕ, ಔಷಧಿ ಅಂಗಡಿಯ ಎದುರು ಎಂದು ಗುರುತು ಹೇಳಿದ. ಅಷ್ಟರಲ್ಲಿ ಸಾಲು ಮುಂದೆ ಸರಿಯಿತು. ಸೆಪ್ಟೆಂಬರಿನಲ್ಲಿ ಹೋಗಿ ನೋಡಿದೆ. ಔಷಧಿ ಅಂಗಡಿ ಇತ್ತು.

ಸುಂಕದ ಅಧಿಕಾರಿ ಚೀಟಿ ಹಿಡಿದು ಬಹಳ ಹೊತ್ತು ಬೆರಳು ಮಡಚಿದರು. ನಿಯಮದಲ್ಲಿ ಮೂವತ್ತರ ಮೇಲೆ ಅಂಕಿಯೇ ಇಲ್ಲ, ಇದು ತೊಂಬತ್ತೊಂಬತ್ತು. ಸಿಫಾರಿಸ್ ಓದಿದರು, ಪೆನ್ಸಿಲಿನ ಅಚ್ಚನ್ನು ಬೈಕಿನ ಪಕ್ಕ ಕುಕ್ಕರುಗಾಲಲ್ಲಿ ಕುಳಿತು ತಾಳೆ ನೋಡಿದರು, ಒಳಗೆ ಹೋಗಿ ಮೇಲಿನವರನ್ನು ಕೇಳಿಬಂದರು. ಕೊನೆಗೆ ದಂಡ ಹಾಕಲಿಲ್ಲ, ದಿನದ ಶುಲ್ಕವನ್ನಷ್ಟೇ ಕಟ್ಟಿಸಿಕೊಂಡು ರಸೀದಿ ಕೊಟ್ಟರು. ನನ್ನ ಹೆಸರನ್ನು ಯಾರೂ ಕೇಳಲಿಲ್ಲ.

ಸುನೌಲಿಯಿಂದ ಊರಿಗೆ ಐದು ದಿನ. ಢಾಬಾಗಳು ಅರ್ಧ ಮುಚ್ಚಿದ್ದವು, ರಸ್ತೆ ಖಾಲಿ, ಬಿಸಿಲು. ಬರೆಯುವಂಥದ್ದು ಏನೂ ಇಲ್ಲ. ಆಂಧ್ರದಿಂದ ಕರ್ನಾಟಕಕ್ಕೆ ಬರುವ ತಪಾಸಣಾ ಠಾಣೆಯೊಂದರಲ್ಲಿ ಶಾಮಿಯಾನದ ಕೆಳಗೆ ಮೇಜು ಹಾಕಿಕೊಂಡು ಕುಳಿತಿದ್ದವರು ಒಬ್ಬ ಹೈಸ್ಕೂಲು ಮೇಷ್ಟ್ರು, ಕೋವಿಡ್ ಡ್ಯೂಟಿಯ ಮೇಲೆ ಬಂದಿದ್ದವರು.

"ಎಲ್ಲಿಂದ ಬರುತ್ತಿದ್ದೀರಿ?"

"ನೇಪಾಳದಿಂದ, ಸಾರ್."

ಅವರ ಪೆನ್ನು ನಿಂತಿತು. ಬೇರೆ ರಾಜ್ಯದಿಂದ ಬಂದವರಿಗೆ ಹದಿನಾಲ್ಕು ದಿನ ಮನೆಯಲ್ಲಿ ಕ್ವಾರಂಟೈನ್. ಹೊರದೇಶದಿಂದ ಬಂದವರಿಗೆ ಮೊದಲ ಏಳು ದಿನ ಸರ್ಕಾರ ಹೇಳಿದ ಜಾಗದಲ್ಲಿ. "ಪಾಸ್‌ಪೋರ್ಟ್ ಕೊಡಿ" ಎಂದರು.

"ತಂದಿಲ್ಲ. ಅಲ್ಲಿಗೆ ಬೇಕಾಗುವುದಿಲ್ಲ."

"ಮತ್ತೆ ವಿದೇಶ ಹೇಗಾಯಿತು ಸ್ವಾಮಿ?"

ನಾನು ಭನ್ಸಾರ್ ರಸೀದಿ ತೆಗೆದು ಮುಂದಿಟ್ಟೆ. ಪುಣ್ಯಕ್ಕೆ ಅವರು ಹಿಂದಿ ಮೇಷ್ಟ್ರು. ಕನ್ನಡಕ ಹಣೆಗೇರಿಸಿ, ತರಗತಿಯಲ್ಲಿ ಪಾಠ ಓದುವಂತೆ ಗಟ್ಟಿಯಾಗಿ ಓದಿದರು. ಗಾಡಿಯ ನಂಬರು. ಚಾಸಿ ನಂಬರು. "ಆಷಾಢ 6, ಎರಡು ಸಾವಿರದ ಎಪ್ಪತ್ತೇಳು." ತಲೆಯೆತ್ತಿ ನನ್ನನ್ನು ನೋಡಿದರು. ಮತ್ತೆ ಕಾಗದ ನೋಡಿದರು.

"ಇದರಲ್ಲಿ ನಿಮ್ಮ ಹೆಸರೆಲ್ಲಿದೆ?"

"ಇಲ್ಲ ಸಾರ್. ಅದು ಬೈಕಿನದು."

ನನ್ನ ಹಿಂದೆ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು. ಮೇಷ್ಟ್ರು ರಸೀದಿ ಮಡಿಸಿ ಹಿಂದಕ್ಕೆ ಕೊಟ್ಟು, ಎಲ್ಲಿಂದ ಎಂಬ ಕಲಮಿನಲ್ಲಿ ಉತ್ತರ ಪ್ರದೇಶ ಎಂದು ಬರೆದು, "ಎಡಗೈ ಚಾಚಿ" ಎಂದರು. ಮುದ್ರೆ ಒತ್ತಿದರು.

ಮರುದಿನ ಬೆಳಿಗ್ಗೆ ತಮ್ಮ ಬೈಕ್ ತೊಳೆಸಿ, ಚೈನಿಗೆ ಸರಿಯಾದ ಎಣ್ಣೆ ಹಾಕಿಸಿ, ಅಂಗಡಿಗೆ ಓಡಿಸಿಕೊಂಡು ಹೋದ. ಗೇಟು ದಾಟಿ ತಿರುವಿನಲ್ಲಿ ಅದರ ಸದ್ದು ಅಡಗುವವರೆಗೂ ನಾನು ಮಹಡಿಯ ಕೋಣೆಯ ಕಿಟಕಿಯಲ್ಲಿ ನಿಂತಿದ್ದೆ. ನನಗೆ ಇನ್ನೂ ಹದಿಮೂರು ದಿನ ಬಾಕಿಯಿತ್ತು.